ಬೇಸಿಗೆಯ ಕೈತೋಟದಲ್ಲಿ ಕಡಜದ ಕುಟುಕು: ಮನೆಮಂದಿಯೆಲ್ಲ ತಿಳಿದಿರಬೇಕಾದ ಸಂಗತಿಗಳು

ಊರು ಬಿಟ್ಟು ಬಂದು ಮಹಾನಗರದ ಫ್ಲ್ಯಾಟುಗಳಲ್ಲಿ ನೆಲೆಯೂರಿದ ಮೇಲೂ ನಮ್ಮವರನ್ನು ಬಿಡದ ಒಂದು ಹಂಬಲವೆಂದರೆ ಗಿಡ ಬೆಳೆಸುವುದು. ಬಾಲ್ಕನಿಯ ಕಂಬಿಗೆ ಹಬ್ಬಿಸಿದ ಬಸಳೆ, ಮೂಲೆಯ ಕುಂಡದಲ್ಲಿ ಕರಿಬೇವು, ಬಾಗಿಲ ಬಳಿ ತುಳಸಿ, ರಜೆಗೆ ಹೋದಾಗ ಊರಿನಿಂದ ಟೊಂಗೆ ತಂದು ನೆಟ್ಟ ದಾಸವಾಳ, ಇವು ಇಲ್ಲದ ಕನ್ನಡಿಗರ ಮನೆ ಅಪರೂಪ. ಮಾರ್ಚ್ ತಿಂಗಳು ಕಾಲಿಟ್ಟು ಬಿಸಿಲು ಏರತೊಡಗಿದಂತೆ ಈ ಗಿಡಗಳಿಗೆ ದಿನಕ್ಕೆ ಎರಡು ಹೊತ್ತು ನೀರು ಬೇಕು. ಅದೇ ಹೊತ್ತಿಗೆ ಅದೇ ನೀರನ್ನು ಅರಸಿಕೊಂಡು ಇನ್ನೊಂದು ಜೀವಿಯೂ ಅಲ್ಲಿಗೆ ಬರುತ್ತದೆ. ಅದು ಕಡಜ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಭಾನುವಾರ ನಮ್ಮ ಬಳಗದ ಹಿರಿಯರೊಬ್ಬರು ಮನೆಯ ತಾರಸಿಯಲ್ಲಿ ಒಣಗಿದ ರೆಂಬೆಗಳನ್ನು ಕತ್ತರಿಸುತ್ತಿದ್ದರು. ಮಲ್ಲಿಗೆಯ ಬಳ್ಳಿಯ ಮರೆಯಲ್ಲಿದ್ದ ಗೂಡಿಗೆ ಕೈ ತಗುಲಿ ಕಡಜವೊಂದು ಅವರ ಮಣಿಕಟ್ಟಿಗೆ ಕುಟುಕಿತು. ಹಳ್ಳಿಯಲ್ಲಿ ಬೆಳೆದವರು, ಇಂಥದ್ದನ್ನು ಎಷ್ಟೋ ಸಲ ಕಂಡವರು. "ಏನಿಲ್ಲಮ್ಮ, ಹುಳ ಕಚ್ಚಿದೆ ಅಷ್ಟೆ. ಬಿಸಿಲಿಗೆ ತಲೆ ಸುತ್ತುತ್ತಿದೆ, ಸ್ವಲ್ಪ ಮಲಗುತ್ತೇನೆ" ಎಂದು ಸೊಸೆಗೆ ಹೇಳಿ ಕೋಣೆಗೆ ಹೋದರು. ಹತ್ತು ನಿಮಿಷದ ಮೇಲೆ ಮಜ್ಜಿಗೆ ಕೊಡಲು ಹೋದ ಸೊಸೆಗೆ ಮಾವನವರ ದನಿ ಗೊಗ್ಗರಾಗಿರುವುದು ಕೇಳಿಸಿತು. ಎದೆಯ ಮೇಲೆಲ್ಲ ದದ್ದುಗಳು ಎದ್ದಿದ್ದವು. ಆಕೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ದದ್ದರಿಂದ, ಅಲ್ಲಿ ಕೂಡಲೇ ಚುಚ್ಚುಮದ್ದು ದೊರೆತದ್ದರಿಂದ ಹಿರಿಯರು ಉಳಿದರು. ಬಾಗಿಲು ಹಾಕಿಕೊಂಡು ಒಬ್ಬರೇ ಮಲಗಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಈ ಲೇಖನದ ಉದ್ದೇಶ ಓದುಗರನ್ನು ಹೆದರಿಸುವುದಲ್ಲ. ಕಡಜ ಕುಟುಕಿದವರಲ್ಲಿ ಬಹುತೇಕರಿಗೆ ಆಗುವುದು ಉರಿ, ಬಾವು, ತುರಿಕೆ ಇಷ್ಟೇ. ಆದರೆ ಯಾರಿಗೆ ಇಷ್ಟಕ್ಕೇ ನಿಲ್ಲುವುದಿಲ್ಲವೆಂಬುದನ್ನು ಮೊದಲೇ ಹೇಳಲು ಬರುವುದಿಲ್ಲ. ಆದುದರಿಂದ ಕುಟುಕಿದ ನಂತರದ ಮೊದಲ ಗಂಟೆಯಲ್ಲಿ ಮನೆಯವರು ಏನನ್ನು ಗಮನಿಸಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಒಂದೆಡೆ ಕೊಡುವ ಪ್ರಯತ್ನ ಇದು.

ಕಡಜದ ಪರಿಚಯ

ಕನ್ನಡದಲ್ಲಿ ಇದಕ್ಕೆ ಕಡಜ, ಕಣಜ, ಕಣಜದ ಹುಳು ಎಂಬ ಹೆಸರುಗಳಿವೆ. ಕಣಜವೆಂದರೆ ಧಾನ್ಯ ತುಂಬಿಡುವ ಉಗ್ರಾಣವೂ ಆಗಿರುವುದರಿಂದ ಗೊಂದಲ ಬೇಡವೆಂದು ನಾವಿಲ್ಲಿ ಕಡಜವೆಂದೇ ಕರೆದಿದ್ದೇವೆ. ಮುಂಬಯಿ, ಪುಣೆಯ ನೆರೆಹೊರೆಯವರು ಇದನ್ನು ಗಾಂಧೀಲಮಾಶಿ ಎನ್ನುತ್ತಾರೆ. ಚೆನ್ನೈಯಲ್ಲಿ ಕುಳವಿ, ಹೈದರಾಬಾದಿನಲ್ಲಿ ಕಂದಿರೀಗ, ದೆಹಲಿಯಲ್ಲಿ ತತೈಯಾ ಅಥವಾ ಭಿಡ್. ಆಸ್ಪತ್ರೆಯಲ್ಲಿ ಇಲ್ಲವೆ ಕಾವಲುಗಾರನ ಬಳಿ ಅವಸರದಲ್ಲಿ ವಿಷಯ ತಿಳಿಸಬೇಕಾದಾಗ ಆಯಾ ಊರಿನ ಹೆಸರು ಗೊತ್ತಿರುವುದು ಒಳಿತು.

ನಗರದ ಕೈತೋಟಗಳಲ್ಲಿ ಕಾಣುವ ಕಡಜಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು ಕಾಗದದ ಗೂಡು ಕಟ್ಟುವ ಕಡಜ. ಒಣಮರದ ನಾರನ್ನು ಕೆರೆದು, ಜಗಿದು, ಜೊಲ್ಲಿನೊಂದಿಗೆ ಬೆರೆಸಿ ಬೂದುಬಣ್ಣದ ಕಾಗದದಂಥ ಗೂಡನ್ನು ಇವು ಕಟ್ಟುತ್ತವೆ. ಕಿಟಕಿಯ ಸಜ್ಜೆಯ ಕೆಳಗೆ, ಎಸಿ ಪೆಟ್ಟಿಗೆಯ ಹಿಂದೆ, ದಟ್ಟವಾದ ಬಳ್ಳಿಯ ಒಳಗೆ ಈ ಗೂಡು ಸಣ್ಣದೊಂದು ತೊಟ್ಟಿನಿಂದ ಜೋತಾಡುತ್ತಿರುತ್ತದೆ. ನಮ್ಮ ಜನರಿಗೆ ಹೆಚ್ಚಾಗಿ ಕುಟುಕುವುದು ಇವೇ.

ಎರಡನೆಯದು ದೊಡ್ಡ ಕಡಜ. ಕಪ್ಪು ಮೈಯ ನಡುವೆ ಅಗಲವಾದ ಒಂದೇ ಹಳದಿ ಪಟ್ಟೆಯಿರುವ ಜಾತಿ ಒಂದು; ಕೆಂಗಂದು ಬಣ್ಣದ, ಹೊಟ್ಟೆಯ ಹಿಂಭಾಗದಲ್ಲಿ ಹಳದಿಯಿರುವ ಜಾತಿ ಇನ್ನೊಂದು. ಇವು ಮರದ ಪೊಟರೆ, ಗೋಡೆಯ ಬಿರುಕು, ನೆಲದ ಬಿಲಗಳಲ್ಲಿ ಗೂಡು ಮಾಡುತ್ತವೆ. ವಿಷದ ಪ್ರಮಾಣ ಹೆಚ್ಚು, ನೋವೂ ಹೆಚ್ಚು.

ಮೂರನೆಯದು ಮಣ್ಣಿನ ಗೂಡು ಕಟ್ಟುವ ಒಂಟಿ ಕಡಜ. ಸ್ವಿಚ್ ಬೋರ್ಡಿನ ಪಕ್ಕದಲ್ಲೋ ಪುಸ್ತಕದ ಕಪಾಟಿನ ಸಂದಿಯಲ್ಲೋ ಪುಟ್ಟ ಮಡಕೆಯಂತೆ ಮಣ್ಣು ಮೆತ್ತುವ ಇದನ್ನು ನಮ್ಮಲ್ಲಿ ಕುಂಬಾರ ಹುಳು ಎನ್ನುವುದುಂಟು. ಕಾಯಬೇಕಾದ ದೊಡ್ಡ ಸಂಸಾರ ಇದಕ್ಕಿಲ್ಲ. ಹಿಡಿದು ಹಿಂಸಿಸದ ಹೊರತು ಇದು ಕುಟುಕುವುದು ತೀರ ಅಪರೂಪ.

ಜೇನಿಗೂ ಕಡಜಕ್ಕೂ ಇರುವ ಒಂದು ವ್ಯತ್ಯಾಸ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದುದು. ಜೇನಿನ ಕೊಂಡಿಗೆ ಹಿಮ್ಮುಖವಾದ ಮುಳ್ಳುಗಳಿರುವುದರಿಂದ ಅದು ನಮ್ಮ ಚರ್ಮದಲ್ಲಿಯೇ ಸಿಕ್ಕಿಕೊಂಡು ಉಳಿಯುತ್ತದೆ, ಜೇನು ಸಾಯುತ್ತದೆ. ಕಡಜದ ಕೊಂಡಿ ಬಹುಮಟ್ಟಿಗೆ ನುಣುಪಾಗಿರುತ್ತದೆ. ಆದುದರಿಂದ ಒಂದೇ ಕಡಜ ಹಲವು ಸಲ ಕುಟುಕಬಲ್ಲುದು, ಕುಟುಕಿದ ಮೇಲೆ ಸಾಮಾನ್ಯವಾಗಿ ಕೊಂಡಿ ಉಳಿಯುವುದಿಲ್ಲ. ಚರ್ಮದಲ್ಲಿ ಕಪ್ಪು ಮುಳ್ಳು ಕಂಡರೆ ಕುಟುಕಿದ್ದು ಜೇನು ಎಂದು ತಿಳಿಯಬೇಕು. ಎರಡರಲ್ಲೂ ಕುಟುಕುವುದು ಹೆಣ್ಣು ಮಾತ್ರ. ಮೊಟ್ಟೆಯಿಡುವ ಅಂಗವೇ ಕಾಲಾಂತರದಲ್ಲಿ ಕೊಂಡಿಯಾಗಿ ಮಾರ್ಪಟ್ಟಿದೆ.

ಬೇಸಿಗೆಯಲ್ಲಿಯೇ ಏಕೆ?

ಕೀಟಗಳಿಗೆ ನಮ್ಮಂತೆ ಸ್ಥಿರವಾದ ಮೈಬಿಸಿ ಇಲ್ಲ. ಹೊರಗಿನ ತಾಪ ಏರಿದಂತೆ ಅವುಗಳ ಚಟುವಟಿಕೆಯೂ ಚುರುಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ನೀರು. ಗೂಡಿನೊಳಗಿನ ಮೊಟ್ಟೆ, ಮರಿಗಳು ಅತಿ ಬಿಸಿಯನ್ನು ತಾಳಲಾರವು. ಅದಕ್ಕಾಗಿ ಕಡಜಗಳು ಬಾಯಲ್ಲಿ ನೀರು ತಂದು ಗೂಡಿನ ಮೇಲೆ ಹನಿಸಿ ರೆಕ್ಕೆಯಿಂದ ಗಾಳಿ ಬೀಸುತ್ತವೆ. ಮಡಕೆಯ ನೀರು ತಣ್ಣಗಾಗುವ ಅದೇ ತತ್ತ್ವ. ಗೂಡಿಗೆ ಬೇಕಾದ ಕಾಗದದ ಹಿಟ್ಟನ್ನು ಕಲಸುವುದಕ್ಕೂ ಅವಕ್ಕೆ ನೀರು ಬೇಕು.

ಹೀಗಾಗಿ ಬೇಸಿಗೆಯಲ್ಲಿ ತೊಟ್ಟಿಕ್ಕುವ ನಲ್ಲಿ, ಕುಂಡದ ಕೆಳಗಿನ ತಟ್ಟೆ, ಹಕ್ಕಿಗಳಿಗೆಂದು ಇಟ್ಟ ನೀರಿನ ಬಟ್ಟಲು, ಎಸಿಯಿಂದ ಸೋರುವ ನೀರು, ದೆಹಲಿಯ ಮನೆಗಳ ಕೂಲರ್‌ನ ಒದ್ದೆ ಹುಲ್ಲು, ಇವೆಲ್ಲ ಕಡಜಗಳ ನೀರಿನ ಕಟ್ಟೆಗಳಾಗುತ್ತವೆ. ಕೆಂಗಂದು ಬಣ್ಣದ ದೊಡ್ಡ ಕಡಜವಂತೂ ಉಳಿದ ಕೀಟಗಳು ನೆರಳು ಸೇರುವ ನಡುಹಗಲಿನಲ್ಲಿಯೇ ಹೆಚ್ಚು ದುಡಿಯುತ್ತದೆ. ಅದರ ಮೈಯ ಹಳದಿ ಪಟ್ಟೆಯ ವರ್ಣದ್ರವ್ಯವು ಬಿಸಿಲಿನ ಶಕ್ತಿಯನ್ನು ಹಿಡಿದಿಡಬಲ್ಲುದೆಂದು 2010ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಕುತೂಹಲ ಹುಟ್ಟಿಸುವಂಥದು.

ಇತ್ತ ನಾವೂ ಸೆಕೆಯ ಕಾರಣದಿಂದ ತೋಳಿಲ್ಲದ ಬನಿಯನ್, ಬರಿಗಾಲು, ಬರಿಗೈಯಲ್ಲಿ ಗಿಡಗಳ ನಡುವೆ ಇಳಿಯುತ್ತೇವೆ. ಮಕ್ಕಳಿಗೆ ಶಾಲೆಯ ರಜೆ, ಅವರೂ ನೀರಿನ ಪೈಪು ಹಿಡಿದು ಬರುತ್ತಾರೆ. ಎರಡೂ ಕಡೆಯವರು ಒಂದೇ ನಲ್ಲಿಯ ಬಳಿ ಎದುರಾದಾಗ ಅನಾಹುತ ಸಂಭವಿಸುತ್ತದೆ.

ಕುಟುಕಿದಾಗ ದೇಹದಲ್ಲಿ ಆಗುವುದೇನು?

ಕಡಜದ ವಿಷವು ಹಲವು ರಾಸಾಯನಿಕಗಳ ಮಿಶ್ರಣ. ಹಿಸ್ಟಮಿನ್, ಸೆರೊಟೋನಿನ್, ಕೈನಿನ್ ಮೊದಲಾದವು ನೋವು, ಕೆಂಪು, ಬಾವುಗಳನ್ನು ತರುತ್ತವೆ. ಕೆಲವು ಕಿಣ್ವಗಳು ಜೀವಕೋಶಗಳ ನಡುವಿನ ಬಂಧವನ್ನು ಸಡಿಲಿಸಿ ವಿಷ ಹರಡಲು ದಾರಿ ಮಾಡಿಕೊಡುತ್ತವೆ. ಇದರ ಪರಿಣಾಮ ಮೂರು ಬಗೆಯಾಗಿರಬಹುದು.

ಒಂದು, ಸಾಮಾನ್ಯ ಪರಿಣಾಮ: ಕುಟುಕಿದ ಜಾಗದಲ್ಲಿ ಉರಿ, ಕೆಂಪು, ಸಣ್ಣ ಬಾವು. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಎರಡು, ದೊಡ್ಡ ಬಾವು: 10 ಸೆಂಟಿಮೀಟರಿಗಿಂತ ಅಗಲವಾಗಿ, ಬೆರಳಿಗೆ ಕುಟುಕಿದರೆ ಮುಂಗೈವರೆಗೂ ಹಬ್ಬುವ ಊತ. ಒಂದೆರಡು ದಿನ ಏರುತ್ತಲೇ ಹೋಗಿ, ಇಳಿಯಲು 5ರಿಂದ 10 ದಿನ ಹಿಡಿಯಬಹುದು. ನೋಡಲು ಭಯಂಕರವಾಗಿದ್ದರೂ ಇದು ಪ್ರಾಣಕ್ಕೆ ಅಪಾಯಕಾರಿಯಲ್ಲ.

ಮೂರು, ಇಡೀ ದೇಹದ ತೀವ್ರ ಅಲರ್ಜಿ. ವೈದ್ಯರು ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಹಿಂದೊಮ್ಮೆ ಕುಟುಕಿಸಿಕೊಂಡಾಗ ದೇಹದ ರಕ್ಷಣಾ ವ್ಯವಸ್ಥೆ ವಿಷವನ್ನು ಗುರುತಿಟ್ಟುಕೊಂಡಿದ್ದು, ಮುಂದಿನ ಸಲ ಅತಿರೇಕದಿಂದ ಪ್ರತಿಕ್ರಿಯಿಸುವುದೇ ಇದರ ಮೂಲ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ಈ ವಿಚಿತ್ರವನ್ನು ಗುರುತಿಸಿ ಹೆಸರಿಟ್ಟರು. ಇದಕ್ಕಾಗಿ ರಿಶೆ ಅವರಿಗೆ 1913ರ ನೊಬೆಲ್ ಪ್ರಶಸ್ತಿ ಸಂದಿತು. "ನನಗೆ ಮೊದಲೂ ಕಚ್ಚಿದೆ, ಏನೂ ಆಗಿರಲಿಲ್ಲ" ಎಂಬ ಧೈರ್ಯಕ್ಕೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕುಟುಕಿದ ಕೂಡಲೇ ಮಾಡಬೇಕಾದ್ದು

1. ಮೊದಲು ಆ ಜಾಗದಿಂದ ದೂರ ಸರಿಯಿರಿ. ಒಂಟಿ ಕಡಜವಾದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಹಿಂದೆ ಸರಿದರೆ ಸಾಕು. ಗೂಡೇ ಕೆದರಿ ಹಲವು ಎದ್ದಿದ್ದರೆ ತಲೆಗೆ ಬಟ್ಟೆ ಮುಚ್ಚಿ ಓಡಿ ಕೋಣೆ ಸೇರಿ ಬಾಗಿಲು ಹಾಕಬೇಕು. ಕುಟುಕಿದ ಕಡಜವನ್ನು ಗೂಡಿನ ಬಳಿಯೇ ಹೊಸಕಿ ಹಾಕುವುದು ತರವಲ್ಲ. ಅದರ ವಿಷದ ವಾಸನೆ ಉಳಿದವುಗಳಿಗೆ ಯುದ್ಧದ ಕರೆಯಾಗಬಹುದು.

2. ಏಣಿಯ ಮೇಲೋ ತಾರಸಿಯ ಅಂಚಿನಲ್ಲೋ ಇದ್ದರೆ ಕುಟುಕಿಗಿಂತ ಬೀಳುವ ಅಪಾಯವೇ ದೊಡ್ಡದು. ಮೊದಲು ಹಿಡಿದುಕೊಳ್ಳಿ, ಬಳಿಕ ನಿಧಾನವಾಗಿ ಇಳಿಯಿರಿ.

3. ಉಂಗುರ, ಬಳೆ, ವಾಚು, ಕಾಲುಂಗುರ, ಗೆಜ್ಜೆಗಳನ್ನು ತಕ್ಷಣ ತೆಗೆಯಿರಿ. ಇದನ್ನು ಮರೆಯುವವರೇ ಹೆಚ್ಚು. ಬಾವು ಏರಿದ ಮೇಲೆ ಉಂಗುರ ಬೆರಳನ್ನು ಬಿಗಿದು ರಕ್ತಸಂಚಾರ ತಡೆಯುತ್ತದೆ; ಆಗ ಕತ್ತರಿಸಿಯೇ ತೆಗೆಯಬೇಕಾದೀತು.

4. ಚರ್ಮದಲ್ಲಿ ಕೊಂಡಿ ಉಳಿದಿದ್ದರೆ, ಅಂದರೆ ಕುಟುಕಿದ್ದು ಜೇನಾಗಿದ್ದರೆ, ಕೂಡಲೇ ತೆಗೆಯಿರಿ. ಉಗುರಿನಿಂದ ಕೆರೆದರೂ ಸರಿ, ಚಿಮುಟಿ ಎಳೆದರೂ ಸರಿ. ವಿಧಾನಕ್ಕಿಂತ ವೇಗ ಮುಖ್ಯವೆಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ತೋರಿಸಿಕೊಟ್ಟಿದೆ.

5. ಸೋಪು ಮತ್ತು ನೀರಿನಿಂದ ತೊಳೆಯಿರಿ. ಕಡಜ ಕೊಳೆತ ಹಣ್ಣು, ಕಸದ ಮೇಲೂ ಕುಳಿತು ಬಂದಿರಬಹುದು. ನಮ್ಮ ಕೈಗೂ ಗೊಬ್ಬರದ ಮಣ್ಣು ಮೆತ್ತಿರುತ್ತದೆ.

6. ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಒತ್ತಿ ಹಿಡಿಯಿರಿ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಇಡಿ. ಕೈ ಅಥವಾ ಕಾಲಾದರೆ ದಿಂಬಿನ ಮೇಲೆ ಎತ್ತರಿಸಿ ಇಡಿ.

7. ನೆರಳಿಗೆ, ಗಾಳಿಯಿರುವ ಕಡೆಗೆ ಬನ್ನಿ. ಮತ್ತೆ ಬಿಸಿಲಿಗಿಳಿದು ಕೆಲಸ ಮುಂದುವರಿಸಬೇಡಿ. ದೈಹಿಕ ಶ್ರಮ ಅಲರ್ಜಿಯನ್ನು ಉಲ್ಬಣಗೊಳಿಸಬಹುದು.

8. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿರುವ ಇನ್ನೊಬ್ಬರಿಗೆ ತಿಳಿಸಿ. ಗಡಿಯಾರ ನೋಡಿ ಹೊತ್ತು ಗುರುತಿಟ್ಟುಕೊಳ್ಳಿ. ಮುಂದಿನ ಒಂದು ಗಂಟೆ ಕುಟುಕಿಸಿಕೊಂಡವರನ್ನು ಒಂಟಿಯಾಗಿ ಬಿಡಬಾರದು.

ತುರಿಕೆ ಹೆಚ್ಚಾಗಿದ್ದರೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ, ನೋವಿಗೆ ಪ್ಯಾರಾಸಿಟಮಾಲ್, ಮೇಲಕ್ಕೆ ಕ್ಯಾಲಮೈನ್ ಲೋಷನ್ ಸಾಮಾನ್ಯವಾಗಿ ಬಳಕೆಯಲ್ಲಿವೆ. ಅಲರ್ಜಿ ಮಾತ್ರೆಯಿಂದ ಮಂಪರು ಬರಬಹುದಾದುದರಿಂದ ತೆಗೆದುಕೊಂಡ ಮೇಲೆ ವಾಹನ ನಡೆಸಬಾರದು. ಮಕ್ಕಳಿಗೆ, ಗರ್ಭಿಣಿಯರಿಗೆ, ನಿತ್ಯ ಔಷಧಿ ಸೇವಿಸುವ ಹಿರಿಯರಿಗೆ ವೈದ್ಯರನ್ನು ಕೇಳದೆ ಏನನ್ನೂ ಕೊಡಬಾರದು.

ಮನೆಮದ್ದಿನ ಮಾತು

ಸುಣ್ಣ ಹಚ್ಚು, ಈರುಳ್ಳಿ ತಿಕ್ಕು, ಅರಿಸಿನ ಮೆತ್ತು, ಸೀಮೆಎಣ್ಣೆ ಸವರು, ಕಬ್ಬಿಣದ ಬೀಗದ ಕೈ ಉಜ್ಜು, ಹೀಗೆ ನಮ್ಮ ಅಜ್ಜಿಯರ ಕಾಲದಿಂದ ಬಂದ ಸಲಹೆಗಳು ಹಲವು. ಶಾಲೆಯ ವಿಜ್ಞಾನ ಓದಿದವರು ಇನ್ನೊಂದನ್ನು ಸೇರಿಸುತ್ತಾರೆ: ಜೇನಿನ ವಿಷ ಆಮ್ಲ, ಅದಕ್ಕೆ ಅಡುಗೆ ಸೋಡಾ, ಕಡಜದ ವಿಷ ಕ್ಷಾರ, ಅದಕ್ಕೆ ವಿನಿಗರ್ ಅಥವಾ ನಿಂಬೆರಸ. ವಾಸ್ತವದಲ್ಲಿ ಕಡಜದ ವಿಷ ಹೆಚ್ಚುಕಡಿಮೆ ತಟಸ್ಥವಾದುದು. ಅಲ್ಲದೆ ವಿಷ ಇಳಿದಿರುವುದು ಚರ್ಮದ ಒಳಗೆ. ಮೇಲೆ ಸವರಿದ್ದು ಅಲ್ಲಿಗೆ ತಲುಪಿ ಅದನ್ನು ತಣಿಸುವುದಿಲ್ಲ. ನೋವು ಕಡಿಮೆಯಾದಂತೆ ಅನ್ನಿಸುವುದು ಬಹುಮಟ್ಟಿಗೆ ತಂಪಿನಿಂದ ಮತ್ತು ಸಮಯ ಕಳೆದದ್ದರಿಂದ.

ಅಜ್ಜಿಯರ ಅಕ್ಕರೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸುಣ್ಣ ಚರ್ಮವನ್ನು ಸುಡುತ್ತದೆ. ಕಣ್ಣಿನ ಸುತ್ತ ಹಚ್ಚಿದರೆ ದೃಷ್ಟಿಗೇ ಅಪಾಯ. ಸೀಮೆಎಣ್ಣೆಯೂ ಚರ್ಮವನ್ನು ಕೆರಳಿಸುತ್ತದೆ. ಕುಟುಕಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ರಕ್ತ ಹರಿಸುವುದು, ಬಾಯಿಂದ ಹೀರುವುದು, ಮೇಲುಗಡೆ ಹಗ್ಗ ಬಿಗಿಯುವುದು ಇವು ಸರ್ವಥಾ ಕೂಡದು. ಮನೆಮದ್ದಿನ ನಿಜವಾದ ಹಾನಿ ಇನ್ನೊಂದಿದೆ. ಈರುಳ್ಳಿ ಹೆಚ್ಚುತ್ತ, ಅರಿಸಿನ ತೇಯುತ್ತ ಕಳೆದ ಹತ್ತು ನಿಮಿಷಗಳೇ ಕೆಲವರ ಪಾಲಿಗೆ ಪ್ರಾಣ ಉಳಿಸಬಹುದಾದ ನಿಮಿಷಗಳಾಗಿರುತ್ತವೆ.

ಅಪಾಯದ ಲಕ್ಷಣಗಳು

ಈ ಕೆಳಗಿನ ಯಾವುದಾದರೂ ಲಕ್ಷಣ ಕಂಡರೆ ಕಾಯುತ್ತ ಕೂರಬಾರದು.

- ಕುಟುಕಿದ ಜಾಗದಿಂದ ದೂರದಲ್ಲಿ, ಎದೆ, ಬೆನ್ನು, ತೊಡೆಗಳ ಮೇಲೆ ದದ್ದು ಏಳುವುದು. ಅಂಗೈ, ಅಂಗಾಲು, ನೆತ್ತಿಯಲ್ಲಿ ವಿಪರೀತ ತುರಿಕೆ
- ತುಟಿ, ನಾಲಗೆ, ಕಣ್ಣಿನ ರೆಪ್ಪೆ ಊದಿಕೊಳ್ಳುವುದು
- ಗಂಟಲು ಬಿಗಿಯುವುದು, ದನಿ ಬದಲಾಗುವುದು, ಎಂಜಲು ನುಂಗಲು ಕಷ್ಟವಾಗುವುದು
- ಏದುಸಿರು, ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಬಿಡದ ಕೆಮ್ಮು
- ವಾಂತಿ, ಹೊಟ್ಟೆನೋವು, ಭೇದಿ
- ತಲೆಸುತ್ತು, ಕಣ್ಣು ಕತ್ತಲಿಡುವುದು, ಮೈ ತಣ್ಣಗಾಗುವುದು, ಪ್ರಜ್ಞೆ ತಪ್ಪುವುದು

ದದ್ದುಗಳಿಲ್ಲದೆಯೇ ನೇರವಾಗಿ ಪ್ರಜ್ಞೆ ತಪ್ಪುವುದೂ ಉಂಟೆಂಬುದನ್ನು ಗಮನದಲ್ಲಿಡಬೇಕು. ಕಾಲಾವಕಾಶ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಕೀಟದ ಕುಟುಕಿನ ಅಲರ್ಜಿಯಿಂದ ಮೃತಪಟ್ಟವರ ವಿವರಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕುಟುಕಿದ ಹೊತ್ತಿನಿಂದ ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಅವಧಿಯ ಮಧ್ಯಾಂಕ ಕೇವಲ 15 ನಿಮಿಷ.

ಇದಕ್ಕಿರುವ ಮೊದಲ ಔಷಧಿ ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಇದನ್ನು ಕೊಡುತ್ತಾರೆ. ಅಲರ್ಜಿ ಮಾತ್ರೆಯಾಗಲಿ ಸ್ಟೀರಾಯ್ಡ್ ಆಗಲಿ ಇದಕ್ಕೆ ಬದಲಿಯಲ್ಲ. ಅವು ಕೆಲಸ ಮಾಡಲು ತೆಗೆದುಕೊಳ್ಳುವಷ್ಟು ಸಮಯ ರೋಗಿಯ ಬಳಿ ಇರುವುದಿಲ್ಲ. ಆದುದರಿಂದ 112ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ಕರ್ನಾಟಕಗಳಲ್ಲಿ ಆಂಬುಲೆನ್ಸಿಗೆ 108 ಕೂಡ ಇದೆ. ನಗರದ ದಟ್ಟಣೆಯಲ್ಲಿ ಆಂಬುಲೆನ್ಸ್ ತಡವಾಗುವಂತಿದ್ದರೆ ಕಾರು, ಆಟೋ ಯಾವುದು ಸಿಕ್ಕರೂ ಸರಿ, ತುರ್ತು ಚಿಕಿತ್ಸೆಯಿರುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ದೂರದ ಪರಿಚಿತ ವೈದ್ಯರಿಗಿಂತ ಹತ್ತಿರದ ಅಪರಿಚಿತ ಆಸ್ಪತ್ರೆಯೇ ಮೇಲು. ಬಾಗಿಲಲ್ಲೇ "ಕಡಜ ಕುಟುಕಿದೆ, ಅಲರ್ಜಿ ಆಗಿದೆ" ಎಂದು ಹೇಳಿಬಿಡಿ.

ಅಲ್ಲಿಯವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಿಸಬಹುದು. ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಬೇಕು. "ಸ್ವಲ್ಪ ಓಡಾಡಿದರೆ ಸರಿಹೋಗುತ್ತದೆ" ಎಂದು ಎಬ್ಬಿಸಿ ನಡೆಸಬಾರದು. ರಕ್ತದೊತ್ತಡ ಕುಸಿದಿರುವಾಗ ಥಟ್ಟನೆ ಎದ್ದು ನಿಂತು ಪ್ರಾಣ ಬಿಟ್ಟ ನಿದರ್ಶನಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಕುಡಿಯಲು ತಿನ್ನಲು ಏನನ್ನೂ ಕೊಡಬೇಡಿ. ಚುಚ್ಚುಮದ್ದಿನಿಂದ ಗುಣ ಕಂಡರೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದಾದುದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಡ್ರಿನಲಿನ್ ಎಂದಿನಷ್ಟು ಪರಿಣಾಮ ಬೀರದೆ ಇರಬಹುದು. ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಬಿಸಿಲಿನ ಬಾಧೆಯೋ, ವಿಷದ ಬಾಧೆಯೋ?

ಬೇಸಿಗೆಯ ಕುಟುಕಿನಲ್ಲಿರುವ ವಿಶೇಷ ಅಪಾಯ ಇದು. ದೆಹಲಿಯ ಲೂ ಗಾಳಿಯಲ್ಲಿ, ಚೆನ್ನೈಯ ಅಗ್ನಿನಕ್ಷತ್ರದ ದಿನಗಳಲ್ಲಿ, ಮುಂಬಯಿಯ ಬೆವರಿನ ಸೆಕೆಯಲ್ಲಿ ಗಿಡದ ಕೆಲಸ ಮಾಡಿದವರಿಗೆ ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಬರುವುದು ಸಹಜ. ಅವೇ ಲಕ್ಷಣಗಳು ಅಲರ್ಜಿಯಲ್ಲೂ ಕಾಣುತ್ತವೆ. ನಮ್ಮ ಹಿರಿಯರು ಮೋಸಹೋದದ್ದು ಇಲ್ಲಿಯೇ.

ಬಿಸಿಲಿನ ಬಾಧೆಯಲ್ಲಿ ಮೈಮೇಲೆ ದದ್ದು ಏಳುವುದಿಲ್ಲ, ತುಟಿ ಊದುವುದಿಲ್ಲ, ದನಿ ಒಡೆಯುವುದಿಲ್ಲ, ಉಸಿರಿನಲ್ಲಿ ಸಿಳ್ಳೆ ಕೇಳುವುದಿಲ್ಲ. ನೆರಳಿನಲ್ಲಿ ಮಲಗಿಸಿ ಗಾಳಿ ಬೀಸಿ ಮೈ ಒರೆಸಿದರೆ ಬಿಸಿಲಿನ ಸಾಮಾನ್ಯ ಬಳಲಿಕೆ ಕ್ರಮೇಣ ಇಳಿಯುತ್ತದೆ. ಅಲರ್ಜಿ ನಿಮಿಷ ನಿಮಿಷಕ್ಕೂ ಏರುತ್ತದೆ. ಆದರೆ ಈ ವ್ಯತ್ಯಾಸವನ್ನು ಪರೀಕ್ಷಿಸುತ್ತ ಹೊತ್ತು ಕಳೆಯುವುದು ಸಲ್ಲದು. ಕುಟುಕಿಸಿಕೊಂಡವರಿಗೆ ಗಂಟೆಯೊಳಗೆ ತಲೆ ಸುತ್ತಿದರೆ ಅದು ವಿಷದಿಂದಲೇ ಎಂದು ಭಾವಿಸಿ ಹೊರಡುವುದು ಕ್ಷೇಮ. ತೀವ್ರವಾದ ಬಿಸಿಲಿನ ಆಘಾತವೂ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆಯೇ ಆದುದರಿಂದ ಹೋದದ್ದು ವ್ಯರ್ಥವಾಗುವುದಿಲ್ಲ.

ಇನ್ನಿತರ ಸಂದರ್ಭಗಳು

ಹಲವು ಕಡಜಗಳು ಒಟ್ಟಿಗೆ ಕುಟುಕಿದರೆ ಅಲರ್ಜಿಯಿಲ್ಲದಿದ್ದರೂ ವಿಷದ ಪ್ರಮಾಣವೇ ಅಪಾಯಕಾರಿ. ಮಾಂಸಖಂಡಗಳು ನಶಿಸಿ, ಮೂತ್ರಪಿಂಡ ಕೆಲಸ ನಿಲ್ಲಿಸಿದ ಪ್ರಕರಣಗಳು ನಮ್ಮ ದೇಶದಲ್ಲಿಯೂ ಅನೇಕ ವರದಿಯಾಗಿವೆ. ಮೂತ್ರ ಕಡಿಮೆಯಾಗುವುದು, ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಸೂಚನೆ. ಇದು ಒಂದೆರಡು ದಿನ ತಡವಾಗಿಯೂ ತಲೆದೋರಬಹುದು. ಹತ್ತಾರು ಕುಟುಕುಗಳಾಗಿದ್ದರೆ, ಮಕ್ಕಳಿಗಾದರೆ ಅದಕ್ಕಿಂತ ಕಡಿಮೆಯಿದ್ದರೂ, ಆಸ್ಪತ್ರೆಯಲ್ಲಿ ಪರೀಕ್ಷೆ ಅಗತ್ಯ.

ಬಾಯಿ ಅಥವಾ ಗಂಟಲೊಳಗೆ ಕುಟುಕಿದರೆ ಅಲರ್ಜಿಯಿಲ್ಲದವರಿಗೂ ಬಾವಿನಿಂದ ಉಸಿರಿನ ದಾರಿ ಮುಚ್ಚಬಹುದು. ಐಸ್ ಚೀಪುತ್ತಲೇ ಆಸ್ಪತ್ರೆಗೆ ಹೊರಡಬೇಕು. ತೋಟದಲ್ಲಿ ತೆರೆದಿಟ್ಟ ಪಾನಕ, ಕಬ್ಬಿನ ಹಾಲು, ತಂಪು ಪಾನೀಯದ ಡಬ್ಬಿಗಳನ್ನು ನೋಡದೆ ಬಾಯಿಗಿಡುವುದರಿಂದ ಹೀಗಾಗುತ್ತದೆ. ಕಣ್ಣುಗುಡ್ಡೆಗೆ ಕುಟುಕಿದರೆ ಉಜ್ಜದೆ, ಏನನ್ನೂ ಹಾಕದೆ ನೇತ್ರವೈದ್ಯರನ್ನು ಕಾಣಬೇಕು.

ಮೂರು ನಾಲ್ಕು ದಿನಗಳ ಬಳಿಕ ಇಳಿಯುತ್ತಿದ್ದ ಬಾವು ಮತ್ತೆ ಏರಿ, ಜ್ವರ ಬಂದು, ಕೀವು ಕಂಡರೆ ಅದು ಸೋಂಕು. ಆಗಲೂ ವೈದ್ಯರ ಸಲಹೆ ಬೇಕು. ಒಮ್ಮೆ ಇಡೀ ದೇಹದ ಅಲರ್ಜಿ ಆದವರು ಅಲರ್ಜಿ ತಜ್ಞರನ್ನು ಕಂಡು ಮುಂದಿನ ಸಲಕ್ಕೆ ಸಿದ್ಧತೆ ಮಾಡಿಕೊಳ್ಳಬೇಕು. ಇಂಥ ಅಲರ್ಜಿಯಿದೆಯೆಂದು ಬರೆದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಉಪಯುಕ್ತ.

ಮುನ್ನೆಚ್ಚರಿಕೆ

ಗಿಡಕ್ಕೆ ಕೈ ಹಾಕುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಒಂದೇ ಜಾಗಕ್ಕೆ ಕಡಜಗಳು ಮತ್ತೆ ಮತ್ತೆ ಹೋಗಿ ಬರುತ್ತಿದ್ದರೆ ಅಲ್ಲಿ ಗೂಡಿದೆ ಎಂದರ್ಥ. ದಟ್ಟವಾದ ಬಳ್ಳಿಯನ್ನು ಕತ್ತರಿಸುವ ಮೊದಲು ಉದ್ದನೆಯ ಕೋಲಿನಿಂದ ಮೆಲ್ಲಗೆ ಅಲುಗಿಸಿ ದೂರ ನಿಲ್ಲಿ. ಖಾಲಿ ಕುಂಡ, ಮಗುಚಿಟ್ಟ ಬಕೆಟ್, ಬಹಳ ದಿನ ಬಳಸದ ಕೈಗವಸುಗಳನ್ನು ಪರೀಕ್ಷಿಸದೆ ಎತ್ತಿಕೊಳ್ಳಬೇಡಿ. ತಂತಿಯ ಮೇಲೆ ಒಣಹಾಕಿದ ಬಟ್ಟೆಯನ್ನು ಕೊಡವಿ ಮಡಚಿ.

ಕೆಲಸವನ್ನು ಮುಂಜಾನೆಯ ತಂಪಿನಲ್ಲಿ ಮುಗಿಸುವುದು ಗಿಡಕ್ಕೂ ಹಿತ, ನಮಗೂ ಹಿತ. ತಿಳಿ ಬಣ್ಣದ ತೆಳುವಾದ ತುಂಬುತೋಳಿನ ಅಂಗಿ, ಕೈಗವಸು, ಮುಚ್ಚಿದ ಪಾದರಕ್ಷೆ ಧರಿಸಿ. ತೀವ್ರ ಪರಿಮಳದ ಸೆಂಟು, ಎಣ್ಣೆಗಳನ್ನು ಆ ಹೊತ್ತಿಗೆ ಬಿಡಿ. ಕೆಳಗೆ ಬಿದ್ದ ಮಾವು, ಚಿಕ್ಕು, ಪೇರಲೆ ಹಣ್ಣುಗಳನ್ನು ಅಂದಂದೇ ತೆಗೆಯಿರಿ.

ಸೋರುವ ನಲ್ಲಿಯನ್ನು ರಿಪೇರಿ ಮಾಡಿಸುವುದು ಬಹಳ ಮುಖ್ಯ. ನಮ್ಮ ಅನುಭವದಲ್ಲಿ ಇನ್ನೊಂದು ಉಪಾಯ ಫಲಕೊಟ್ಟಿದೆ. ತಾರಸಿಯ ದೂರದ ಮೂಲೆಯಲ್ಲಿ ಅಗಲ ತಟ್ಟೆಯೊಂದರಲ್ಲಿ ಕಲ್ಲುಹರಳು ಹಾಕಿ ಸ್ವಲ್ಪ ನೀರಿಟ್ಟರೆ ಕಡಜಗಳು ಕ್ರಮೇಣ ಅಲ್ಲಿಗೇ ಹೋಗುವುದನ್ನು ರೂಢಿಸಿಕೊಳ್ಳುತ್ತವೆ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ದಿನವೂ ಬದಲಿಸಬೇಕು.

ಗೂಡು ಓಡಾಟದ ದಾರಿಯಲ್ಲಿಲ್ಲದಿದ್ದರೆ ಬಿಟ್ಟುಬಿಡುವುದೇ ಸರಿ. ಬಾಗಿಲು, ಕಿಟಕಿ, ಮಕ್ಕಳು ಆಡುವ ಜಾಗದಲ್ಲಿದ್ದರೆ, ಇಲ್ಲವೆ ಮನೆಯಲ್ಲಿ ಅಲರ್ಜಿ ಇರುವವರಿದ್ದರೆ, ಹೌಸಿಂಗ್ ಸೊಸೈಟಿಯ ಮೂಲಕ ಅನುಭವಿ ಕೀಟನಿವಾರಕರನ್ನು ಕರೆಸಿ ತೆಗೆಸಿ. ಪಂಜು ಹಚ್ಚಿ ಸುಡುವುದು, ಕಲ್ಲು ಹೊಡೆಯುವುದು, ಪೈಪಿನಿಂದ ನೀರು ಚಿಮ್ಮಿಸುವುದು ಮೂರೂ ಅಪಾಯ. ಮೇಲಿನ ಮಹಡಿಯವರು ಕೆದಕಿದ ಗೂಡಿನ ಫಲವನ್ನು ಕೆಳಗೆ ಆಡುತ್ತಿರುವ ಮಕ್ಕಳು ಉಣ್ಣಬೇಕಾದೀತು.

ಕಡಜ ನಮ್ಮ ಶತ್ರುವೇ?

ಅಲ್ಲ. ಕಡಜಗಳು ತಮ್ಮ ಮರಿಗಳಿಗೆ ಉಣಿಸುವುದು ಕಂಬಳಿಹುಳು ಮೊದಲಾದ ಕೀಟಗಳನ್ನು. ಬದನೆ, ಅಲಸಂಡೆ, ಕರಿಬೇವಿನ ಎಲೆಗಳನ್ನು ತಿಂದು ಮುಗಿಸುವ ಹುಳುಗಳನ್ನು ಹಿಡಿಯುವ ಬೇಟೆಗಾರರಲ್ಲಿ ಇವೂ ಸೇರಿವೆ. ಅತ್ತಿಹಣ್ಣನ್ನು ಬಿಚ್ಚಿದರೆ ಹುಳು ಎಂಬ ಗಾದೆಯ ಆ ಹುಳುವೂ ಕಡಜದ ದೂರದ ನಂಟೇ. ಆ ಪುಟ್ಟ ಕೀಟವಿಲ್ಲದೆ ಅತ್ತಿಯ ಹೂವಿಗೆ ಪರಾಗಸ್ಪರ್ಶವಿಲ್ಲ. ನಮ್ಮ ಅಧ್ಯಾತ್ಮ ಸಾಹಿತ್ಯದಲ್ಲಿ ಬರುವ ಭ್ರಮರಕೀಟ ನ್ಯಾಯದ ಹಿಂದೆಯೂ, ಮಣ್ಣಿನ ಗೂಡಿಗೆ ಹುಳುವನ್ನು ಒಯ್ದು ಮುಚ್ಚುವ ಕುಂಬಾರ ಹುಳುವಿನ ಚಿತ್ರವನ್ನು ಕಾಣಬಹುದು. ಹುಳುವೇ ಭ್ರಮರವಾಯಿತೆಂದು ಹಿಂದಿನವರು ಕಂಡರು. ಆ ಹುಳು ಒಳಗಿನ ಮರಿಗೆ ಆಹಾರವಾಯಿತೆಂದು ಇಂದಿನ ವಿಜ್ಞಾನ ಹೇಳುತ್ತದೆ.

ಕಾಗದದ ಗೂಡಿನ ನಮ್ಮ ಸಾಮಾನ್ಯ ಕಡಜವನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಘವೇಂದ್ರ ಗದಗಕರ್ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕಿಟಕಿಗಳಲ್ಲಿ ಕಂಡ ಈ ಗೂಡುಗಳಿಂದ ಆಕರ್ಷಿತರಾಗಿ, ದಶಕಗಳ ಕಾಲ ಅವುಗಳ ಸಮಾಜಜೀವನವನ್ನು ಅಧ್ಯಯನ ಮಾಡಿದರು. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಈ ಕಡಜವನ್ನು ಕುರಿತ ಅವರ ಗ್ರಂಥವನ್ನು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು. ಈ ಜಾತಿಯ ರಾಣಿ ಗೂಡಿನಲ್ಲಿ ಜಗಳಗಂಟಿಯಲ್ಲ, ತೀರ ಸೌಮ್ಯ ಸ್ವಭಾವದವಳು ಎಂಬುದು ಅವರ ತಂಡ ಕಂಡುಕೊಂಡ ಸಂಗತಿಗಳಲ್ಲೊಂದು. ನಾವು ಪೊರಕೆಯಿಂದ ಬಡಿದು ಬೀಳಿಸುವ ಗೂಡಿನಲ್ಲಿ ಇಷ್ಟೆಲ್ಲ ಅಡಗಿದೆ.

ಕೊನೆಯದಾಗಿ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯ ಹತ್ತಿರ ರಾತ್ರಿ ಹಗಲೂ ತುರ್ತು ಚಿಕಿತ್ಸೆ ದೊರೆಯುವ ಆಸ್ಪತ್ರೆ ಯಾವುದೆಂಬುದನ್ನು ಇಂದೇ ತಿಳಿದುಕೊಂಡು, ಅದರ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಊರಿನಿಂದ ಬಂದಿರುವ ತಂದೆತಾಯಿಗಳಿಗೆ, ಮನೆಗೆಲಸದವರಿಗೆ, ತೋಟದ ಮಾಲಿಗೆ ಒಂದು ಮಾತು ಹೇಳಿಡಿ: ಏನೇ ಕಚ್ಚಿದರೂ ಮುಚ್ಚಿಡಬೇಡಿ, ಒಂಟಿಯಾಗಿ ಮಲಗಬೇಡಿ. ಉರಿ ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಕುಳಿತು ಆ ಒಂದು ಗಂಟೆ ನೋಡಿಕೊಳ್ಳುವವರು ಮಾತ್ರ ಇರಲೇಬೇಕು.